ನಾನೇ ತೋಡಿದ ಕಾಲುವೆ

"ಚೀಲ ಹೋಯ್ತು, ಕೈ ಬಿಡಾ!" ಅಂತ ಪಕ್ಕದ ಮನೆಯ ಉಮೇಶ ಕೂಗಿದ.

ನಾನು ಬಿಡಲಿಲ್ಲ. ಮಣ್ಣು ತುಂಬಿದ ಸಿಮೆಂಟ್ ಚೀಲವನ್ನು ಎರಡೂ ತೋಳಲ್ಲಿ ತಬ್ಬಿಕೊಂಡೇ ಇದ್ದೆ. ಅದರ ಕೆಳಗಿನ ಚೀಲ ಜಾರಿತು, ಪಕ್ಕದ್ದೂ ಜಾರಿತು, ಆಮೇಲೆ ಇಡೀ ಗೋಡೆ ನನ್ನನ್ನೂ ಸೇರಿಸಿಕೊಂಡು ಹೊರಟಿತು. ಹತ್ತು ಮಾರು ದೂರ ಉರುಳಿ, ಕಾಲುವೆಯ ತಿರುವಿನಲ್ಲಿ ಒಂದು ಬೇರು ಕೈಗೆ ಸಿಕ್ಕಿ ಎದ್ದು ನಿಂತೆ. ಬಾಯಿ ತುಂಬ ಕೆಂಪು ನೀರು. ನಾಲ್ಕು ದಿನ ನಾವಿಬ್ಬರು ಹೊತ್ತು ಪೇರಿಸಿದ ಗೋಡೆಯಲ್ಲಿ ಉಳಿದದ್ದು, ದಡದ ಮೇಲೆ ಇನ್ನೂ ಇಳಿಸದೆ ಇಟ್ಟಿದ್ದ ಐದು ಚೀಲ.

ದಡದಲ್ಲಿ ಗಿರಿಜಕ್ಕ ಮಳೆಗೆ ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಿಂತಿದ್ದಳು. ನಮ್ಮ ಮನೆಯಿಂದ ಮೂರನೇ ಮನೆಯವಳು. ಮುಂಡುಗದ ಓಲಿ, ಅಂದರೆ ಕೇದಗೆ ಜಾತಿಯ ಗಿಡದ ಉದ್ದ ಎಲೆ, ಸೀಳಿ ಚಾಪೆ ಹೆಣೆಯುವವಳು.

"ಮುಗೀತನಾ ಸುರೇಶ, ನಿನ್ ಅಣೆಕಟ್ಟು?"

"ನಗಬೇಡ ಗಿರಿಜಕ್ಕ."

"ನಗದೆ ಎಂತ ಮಾಡ್ಲಿ ಮಾರಾಯ? ಮುಂದೆ ಚೀಲ, ಹಿಂದೆ ನೀನು. ದಿಬ್ಬಣ ಹೊರಟ ಹಾಗಿತ್ತು."

ಇದೆಲ್ಲ ಈಗ ನೆನಪಾಗಲು ಕಾರಣ ಹೋದ ವಾರದ ಒಂದು ಕೆಲಸ. ಎನ್.ಆರ್. ಪುರದ ಹತ್ತಿರ ಒಬ್ಬರು ಗದ್ದೆ ಸಮ ಮಾಡಬೇಕು ಅಂತ ಕರೆದಿದ್ದರು. ನಾನು ಜೆಸಿಬಿ ಓಡಿಸುವವನು. ಬಕೆಟ್ ಇಳಿಸಿ ಒಂದು ಸಲ ಎತ್ತಿದೆ. ಕರಿ ಮಣ್ಣು ಬಂತು, ಅದರ ಜೊತೆ ಆ ವಾಸನೆ ಬಂತು. ಕೊಳೆತ ಎಲೆ, ಕೆಟ್ಟ ಮೊಟ್ಟೆ, ಮೇಲಿಂದ ಡೀಸೆಲ್. ಅದು ಗದ್ದೆ ಆಗಿರಲಿಲ್ಲ, ಹಡ್ಲು. ಎತ್ತಿದ ಮಣ್ಣನ್ನು ಎತ್ತಿದಲ್ಲೇ ಹಾಕಿ ಗಾಡಿ ತಿರುಗಿಸಿದೆ. "ಎಂತ ಆಯ್ತಾ?" ಅಂದರು. "ನಾನು ಮಾಡಲ್ಲ, ಬೇರೆಯವರಿಗೆ ಹೇಳಿ" ಅಂದೆ. ಯಾಕೆ ಅಂತ ಹೇಳುವುದಕ್ಕೆ ಅರ್ಧ ದಿನ ಬೇಕಿತ್ತು. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಊರು ಕೊಪ್ಪ ತಾಲೂಕಿನ ನಾರ್ವೆಯಿಂದ ಒಳಗೆ. ಹನ್ನೊಂದು ಮನೆ. ಮೇಲೆ ಎರಡು ಗುಡ್ಡದ ನಡುವೆ ಮಂಜಪ್ಪಗೌಡರ ಹಡ್ಲು. ಹಡ್ಲು ಅಂದರೆ ವರ್ಷವಿಡೀ ಒದ್ದೆಯಾಗಿರುವ ಜಾಗ, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಕೊಳ್ಳುತ್ತದೆ. ಜೊಂಡು, ಮುಂಡುಗದ ಹಿಂಡು, ಕಪ್ಪೆ, ಏಡಿ. ಅದರ ಬಾಯಿಂದ ಒಂದು ಹಳ್ಳ ಇಳಿದು ನಮ್ಮ ಮನೆಗಳ ಪಕ್ಕ ಹೋಗುತ್ತದೆ. ಹಳ್ಳದ ದಡದಲ್ಲಿ ನಮ್ಮ ಬಾವಿ. ಹನ್ನೊಂದು ಮನೆಗೂ ಅದೊಂದೇ.

ಅಲ್ಲಿ ಅಡಿಕೆ ಇಡಬೇಕು ಅಂತ ಗೌಡರಿಗೆ ಆಸೆ ಬಂತು. ಹಡ್ಲಿನ ನಡುವೆ ಉದ್ದಕ್ಕೆ ಒಂದು ಕಾಲುವೆ ತೋಡಿ ನೀರು ಬಸಿದರೆ ನೆಲ ಗಟ್ಟಿಯಾಗುತ್ತದೆ ಅಂತ ಲೆಕ್ಕ. ಎನ್.ಆರ್. ಪುರದ ಹಮೀದಣ್ಣನ ಗಾಡಿ ಬಂತು. ಗಾಡಿಯ ಮೇಲೆ ಕೂತವನು ನಾನು. ಎರಡು ಸಾವಿರದ ಐದನೇ ಇಸವಿಯ ಬೇಸಿಗೆ. ಆರು ದಿನ ತೋಡಿದೆ. ಎದೆ ಮಟ್ಟ ಆಳ, ಹಗ್ಗ ಹಿಡಿದ ಹಾಗೆ ನೇರ. ಅಡ್ಡ ಬಂದ ಮುಂಡುಗವನ್ನೆಲ್ಲ ಬುಡ ಸಮೇತ ಕಿತ್ತು ಗುಡ್ಡಕ್ಕೆ ಎಸೆದೆ. ಕಪ್ಪೆಗಳು ಬಕೆಟ್ಟಿನಿಂದ ಹಾರಿ ಹಾರಿ ಬೀಳುತ್ತಿದ್ದವು. ನನಗೆ ಹೆಮ್ಮೆಯೇ ಆಗಿತ್ತು. ಊರಿನವರು ನೋಡಲು ಬಂದಿದ್ದರು. ಗಿರಿಜಕ್ಕ ಮಾತ್ರ, "ನನ್ ಓಲಿ ಎಲ್ಲಾ ಹೋಯ್ತಲ್ಲಾ, ಚಾಪೆ ಎಂತದ್ರಲ್ಲಿ ಮಾಡ್ಲಿ?" ಅಂತ ಬೈದಿದ್ದಳು. ಇಂಜಿನ್ ಸದ್ದಿನಲ್ಲಿ ಕೇಳದವನ ಹಾಗೆ ಇದ್ದೆ.

ಆ ಮಳೆಗಾಲ ಹಳ್ಳ ಕೆಂಪಾಗಿ ಬಂತು. ಮೊದಲೂ ಜೋರು ಮಳೆಗೆ ಒಂದು ದಿನ ಕೆಂಪಾಗುತ್ತಿತ್ತು, ಮಾರನೇ ದಿನ ತಿಳಿಯಾಗುತ್ತಿತ್ತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಂಪೇ. ಬಾವಿಗೂ ಅದೇ ನೀರು ಒಸರಿತು. ಬಟ್ಟೆ ಒಗೆದರೆ ಬಿಳಿ ಬನಿಯನ್ ಇಟ್ಟಿಗೆ ಬಣ್ಣ. ಬೇಸಿಗೆ ಬಂದಾಗ ಇನ್ನೂ ಕೆಟ್ಟದಾಯಿತು. ಮೊದಲು ಹಡ್ಲು ನೀರು ಹಿಡಿದಿಟ್ಟು ಸ್ವಲ್ಪ ಸ್ವಲ್ಪ ಬಿಡುತ್ತಿತ್ತು. ಈಗ ಎಲ್ಲ ಮಳೆಗಾಲದಲ್ಲೇ ಓಡಿ ಹೋಗಿತ್ತು. ಫೆಬ್ರವರಿಯಲ್ಲಿ ಹಳ್ಳ ನಿಂತಿತು. ಬಾವಿಯ ತಳದಲ್ಲಿ ಎರಡು ಮೊಳ ನೀರು, ಮೇಲೆ ಎಣ್ಣೆಯಂಥ ಕೆನೆ, ವಾಸನೆ.

ನನ್ನ ಹೆಂಡತಿ ಸುಜಾತ ಆಗ ಏಳು ತಿಂಗಳ ಬಸುರಿ. ಕಾಯಿಸಿ ಕುಡಿಯಬೇಕು ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಕಾಯಿಸುತ್ತಲೂ ಇದ್ದೆವು. ಆದರೂ ಒಂದು ದಿನ ಅವಳಿಗೆ ವಾಂತಿಭೇದಿ ಹಿಡಿಯಿತು. ಕೊಪ್ಪದ ಆಸ್ಪತ್ರೆಯಲ್ಲಿ ಮೂರು ದಿನ ಡ್ರಿಪ್ ಹಾಕಿದರು. ಮಗುವಿನ ಎದೆಬಡಿತ ಸಿಗುತ್ತಿಲ್ಲ ಅಂತ ಒಂದು ಸಲ ಹೇಳಿದರು, ಆಮೇಲೆ ಸಿಕ್ಕಿತು ಅಂದರು. ನಡುವೆ ಹತ್ತು ನಿಮಿಷ ಆಗಿರಬಹುದು. ಆ ಹತ್ತು ನಿಮಿಷದ ಬಗ್ಗೆ ನಾನು ಬರೆಯುವುದಿಲ್ಲ.

ಅತ್ತೆ ಬಂದು ಅವಳನ್ನು ತಮ್ಮ ಊರು ಕೆರೆಕಟ್ಟೆಗೆ ಕರೆದುಕೊಂಡು ಹೋದರು. ಅಲ್ಲೇ ಮೇ ತಿಂಗಳಲ್ಲಿ ಹೆರಿಗೆ ಆಯಿತು. ಹೆಣ್ಣು. ನಾನು ಹೋಗಿ ನೋಡಿದೆ. ಬಾಣಂತನ ಮೂರು ತಿಂಗಳು, ಆಗಸ್ಟ್‌ನಲ್ಲಿ ಕರೆದುಕೊಂಡು ಹೋಗುತ್ತೇನೆ ಅಂದೆ.

"ನಾನು ಬರಲ್ಲ" ಅಂದಳು.

"ಬರಲ್ಲ ಅಂದ್ರೆ?"

"ಆ ಬಾವಿ ನೀರಲ್ಲಿ ಇವಳಿಗೆ ಸ್ನಾನ ಮಾಡಿಸಲ್ಲ. ನೀರು ಸರಿ ಆಗಲಿ, ಬರ್ತೀನಿ."

"ನೀರು ಸರಿ ಮಾಡಕ್ಕೆ ನಾನೆಂತ ಇಂಜಿನಿಯರ?"

"ತೋಡಬೇಕಾದ್ರೆ ಇಂಜಿನಿಯರ್ ಆಗಿದ್ರಲ್ಲ? ನೀವೇ ತೋಡಿದ್ದು, ನೀವೇ ಮುಚ್ಚಿ."

ಅತ್ತೆ ಒಲೆಯ ಹತ್ತಿರ ಕೂತು ಕೇಳಿಸಿಕೊಳ್ಳುತ್ತಿದ್ದರು. ಮಗಳಿಗೆ ಬುದ್ಧಿ ಹೇಳಬಹುದು ಅಂದುಕೊಂಡೆ. ಅವರು, "ಅಳಿಯಂದ್ರಿಗೆ ಇನ್ನೊಂದ್ ಲೋಟ ಕಾಫಿ ಕೊಡನಾ?" ಅಂತ ಮಾತ್ರ ಕೇಳಿದರು.

ಹೊರಡುವಾಗ ಸುಜಾತ ಹೇಳಿದಳು, "ಸುಮ್ನೆ ಸರಿ ಆಯ್ತು ಅಂತ ಬಂದು ಹೇಳಬೇಡಿ. ಬಾಟ್ಲೀಲಿ ತುಂಬ್ಕೊಂಡು ಬನ್ನಿ. ನೋಡ್ತೀನಿ."

ಹಾಗೆ ಊರಿಗೆ ಬಂದು, ಉಮೇಶನನ್ನು ಕಟ್ಟಿಕೊಂಡು, ಕಾಲುವೆಯ ಬಾಯಿಗೆ ಚೀಲದ ಗೋಡೆ ಕಟ್ಟಿದ್ದು. ಮೊದಲ ಮಳೆಗೇ ಹೋದದ್ದು.

ಹೋದದ್ದು ಒಳ್ಳೆಯದೇ ಆಯಿತು ಅಂತ ಆಮೇಲೆ ಗೊತ್ತಾಯಿತು. ಅದು ನಿಂತಿದ್ದರೆ ನೀರು ಪಕ್ಕದ ದಡ ಕೊರೆದು ಇನ್ನೊಂದು ಕಾಲುವೆ ಮಾಡಿಕೊಳ್ಳುತ್ತಿತ್ತು. ಆ ಬುದ್ಧಿ ನನ್ನದಲ್ಲ, ಗಿರಿಜಕ್ಕನದು. ಅವಳ ಮನೆಯ ಹೊರಗೆ ಒದ್ದೆ ಬಟ್ಟೆಯಲ್ಲಿ ನಿಂತಿದ್ದಾಗ ಹೇಳಿದಳು.

"ಬಾಯಿಗೆ ಒಂದೇ ಕಡೆ ಅಡ್ಡ ಹಾಕಿದ್ರೆ ನಿಲ್ತದನಾ? ಮೇಲಿಂದ ಅಷ್ಟೂ ನೀರು ಬಂದು ಅಲ್ಲೇ ಗುದ್ದತದೆ. ಅಲ್ಲಲ್ಲಿ ಸಣ್ಣ ಸಣ್ಣದು ಹಾಕು. ಮೊಣಕಾಲೆತ್ತರ ಸಾಕು. ತುಂಬಿದ ನೀರು ಎರಡೂ ಕಡೆ ಹಡ್ಲಿಗೆ ಹರಡಿಕೊಳ್ಳಲಿ. ಹರಡಿದ ನೀರಿಗೆ ಓಡಕ್ಕೆ ಆಗಲ್ಲ."

"ಮಣ್ಣು ಕರಗಿ ಹೋಗಲ್ವಾ?"

"ಮಣ್ಣಿಗೆ ಮುಂಡುಗ ನೆಡು. ಬೇರು ಹಿಡೀತದೆ. ನೀನು ಕಿತ್ತು ಗುಡ್ಡಕ್ಕೆ ಎಸೆದಿದ್ಯಲ್ಲ, ಅದರಲ್ಲಿ ಅರ್ಧ ಬಿದ್ದಲ್ಲೇ ಬೇರು ಬಿಟ್ಟು ಬದುಕಿದೆ. ಹೋಗಿ ನೋಡು."

ಹೋಗಿ ನೋಡಿದೆ. ನಿಜ. ಬಕೆಟ್ಟಿನಲ್ಲಿ ಎತ್ತಿ ಒಗೆದ ಬುಡಗಳು ಗುಡ್ಡದ ಇಳಿಜಾರಿನಲ್ಲಿ ಮುಳ್ಳೆಲೆ ಬಿಟ್ಟುಕೊಂಡು ನಿಂತಿದ್ದವು. ಕಾಲುವೆಯಿಂದ ತೆಗೆದ ಮಣ್ಣೂ ದಡದ ಉದ್ದಕ್ಕೆ ರಾಶಿ ಬಿದ್ದೇ ಇತ್ತು. ಬೇಕಾದ ಸಾಮಾನೆಲ್ಲ ಅಲ್ಲೇ ಇತ್ತು. ಇಲ್ಲದ್ದು ಎರಡೇ. ಗೌಡರ ಒಪ್ಪಿಗೆ, ಕೈಗಳು.

ಗೌಡರು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. ನಾನು, ಗಿರಿಜಕ್ಕ ಇಬ್ಬರೂ ಹೋಗಿದ್ದೆವು.

"ತೋಡಕ್ಕೂ ನೀನೇ, ಮುಚ್ಚಕ್ಕೂ ನೀನೇನಾ? ಎರಡೆರಡು ಸಲ ಬಾಡಿಗೆ ಹೊಡೆಯೋ ಪ್ಲಾನಾ?"

"ಗಾಡಿ ಬೇಡ ಗೌಡ್ರೇ. ಹಾರೆ, ಗುದ್ದಲಿ ಸಾಕು. ನಿಮಗೆಂತ ಖರ್ಚಿಲ್ಲ."

"ಮೇಲೆ ನಾನೂರು ಅಡಿಕೆ ಸಸಿ ಇಟ್ಟಿದೀನಲ್ಲಾ. ನೀರು ನಿಂತ್ರೆ ಸತ್ತು ಹೋಗ್ತವೆ."

"ಈಗ ಬದುಕಿದಾವಾ?" ಅಂತ ಗಿರಿಜಕ್ಕ ಕೇಳಿದಳು.

ಗೌಡರು ಉಗುಳಲು ಎದ್ದು ಹೋದರು. ವಾಪಸು ಬಂದು ಕೂತು, ಗಿರಿಜಕ್ಕನ ಕಡೆ ನೋಡದೆ ನನಗೆ ಹೇಳಿದರು. "ಹೊಳೆಮತ್ತಿ ಮರದಿಂದ ಕೆಳಗೆ ಎಂತ ಬೇಕಾದ್ರೂ ಮಾಡ್ಕಳಿ. ಮರದಿಂದ ಮೇಲೆ ಒಂದು ಬುಟ್ಟಿ ಮಣ್ಣು ಕದಲಿಸಿದ್ರೂ ನಾನು ಸುಮ್ನಿರಲ್ಲ."

ಹೊಳೆಮತ್ತಿ ಮರ ಹಡ್ಲಿನ ಸರಿ ನಡುವೆ ಇದೆ. ಅರ್ಧ ಸಿಕ್ಕಿತು.

ಇನ್ನು ಕೈಗಳು. ನಮ್ಮ ಕಡೆ ಭತ್ತದ ನಟ್ಟಿ ಕಾಲದಲ್ಲಿ ಮುಯ್ಯಾಳು ಅಂತ ಉಂಟು. ಇವತ್ತು ನಾನು ನಿಮ್ಮ ಗದ್ದೆಗೆ ಬಂದರೆ ಇನ್ನೊಂದು ದಿನ ನೀವು ನನ್ನ ಗದ್ದೆಗೆ ಬರಬೇಕು. ಕೂಲಿ ಇಲ್ಲ, ಊಟ ಇದೆ. ಬರಲ್ಲ ಅನ್ನುವ ಹಾಗಿಲ್ಲ. ನನಗೆ ಗದ್ದೆ ಇಲ್ಲ, ಅದಕ್ಕೆ ನನ್ನನ್ನು ಯಾರೂ ಮುಯ್ಯಿಗೆ ಕರೆದವರಲ್ಲ.

"ಗದ್ದೆ ಇಲ್ದಿದ್ರೆ ಎಂತ, ಕಾಲುವೆ ಇದ್ಯಲ್ಲ. ನೀನು ಅವರ ನಟ್ಟಿಗೆ ಹೋಗು. ಅವರು ನಿನ್ ಹಡ್ಲಿಗೆ ಬರಲಿ" ಅಂದಳು ಗಿರಿಜಕ್ಕ.

ಹಮೀದಣ್ಣನಿಗೆ ಫೋನ್ ಮಾಡಿ ಎರಡು ತಿಂಗಳು ಗಾಡಿಗೆ ಬರಲ್ಲ ಅಂದೆ. ಮಳೆಗಾಲದಲ್ಲಿ ಗಾಡಿಗೆ ಹೇಗೂ ಕೆಲಸ ಕಮ್ಮಿ. "ಎಂತ ಮಾಡ್ತಿದೀಯ?" ಅಂದರು. ಹೇಳಿದೆ. "ನಾನು ಡೀಸೆಲ್ ಸುಟ್ಟು ತೋಡಿಸಿದ್ದನ್ನ ನೀನು ಗುದ್ದಲೀಲಿ ಮುಚ್ತೀಯಾ? ಮುಚ್ಚು ಮಾರಾಯ. ಹೊರಗೆ ಹೇಳಬೇಡ, ನನ್ ಗಾಡಿ ಮರ್ಯಾದೆ ಹೋಗ್ತದೆ" ಅಂತ ನಕ್ಕರು.

ಜುಲೈ ಇಡೀ ಬೇರೆಯವರ ಗದ್ದೆಯಲ್ಲಿ ಬಗ್ಗಿದೆ. ಗಾಡಿಯ ಸೀಟಿನಲ್ಲಿ ಕೂತು ಅಭ್ಯಾಸ ಆದ ಸೊಂಟ. ಮೂರನೇ ದಿನ ಎದ್ದು ನಿಲ್ಲಲು ಆಗಲಿಲ್ಲ. ನಟ್ಟಿ ಮಾಡುವ ಹೆಂಗಸರು, "ಜೆಸಿಬಿ ಕೆಟ್ಟು ನಿಂತಿದೆ, ಯಾರಾದ್ರೂ ಗ್ರೀಸ್ ತನ್ನಿ" ಅಂತ ಕೂಗುತ್ತಿದ್ದರು. ನನ್ನ ಸಾಲು ವಕ್ರ, ಅವರು ಅದನ್ನು ಕಿತ್ತು ಮತ್ತೆ ನೆಡುತ್ತಿದ್ದರು. ಆದರೂ ಒಂದು ದಿನ ಅಂದರೆ ಒಂದು ದಿನವೇ. ಮನೆ ಮನೆಗೂ ಹೋದೆ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಅವರು ಹಡ್ಲಿಗೆ ಬಂದರು. ನಾಲ್ಕು ಜನ, ಐದು ಜನ, ಒಂದು ದಿನ ಒಂಬತ್ತು ಜನ.

ಕೆಲಸ ಹೀಗೆ. ದಡದ ರಾಶಿಯಿಂದ ಜೊಂಡು ಸಮೇತ ಮಣ್ಣಿನ ಹೆಂಟೆ ಕಡಿದು ತರುವುದು. ಕಾಲುವೆಗೆ ಅಡ್ಡ ಇಟ್ಟು ತುಳಿಯುವುದು. ಮತ್ತೆ ಹೆಂಟೆ, ಮತ್ತೆ ತುಳಿಯುವುದು. ಮೊಣಕಾಲೆತ್ತರ ಆದ ಮೇಲೆ ನಡುವೆ ಸ್ವಲ್ಪ ತಗ್ಗು ಬಿಡುವುದು. ಎರಡೂ ತುದಿಗೆ ಬಿಳಲು ಇರುವ ಮುಂಡುಗದ ತುಂಡು ಓರೆಯಾಗಿ ನೆಡುವುದು. ಮುಂಡುಗದ ಎಲೆಗೆ ಮೂರು ಸಾಲು ಮುಳ್ಳು. ನನ್ನ ಕೈ ನೋಡಿದವರು ಬೆಕ್ಕಿನ ಜೊತೆ ಜಗಳ ಆಡಿದ್ದೇನೆ ಅಂದುಕೊಳ್ಳಬೇಕು. ಗಿರಿಜಕ್ಕ ಮಾತ್ರ ಬರಿಗೈಯಲ್ಲಿ ಹಿಡಿಯುತ್ತಿದ್ದಳು. ಯಾವ ಕಡೆಯಿಂದ ಹಿಡಿಯಬೇಕು ಅಂತ ಅವಳಿಗೆ ಗೊತ್ತು, ತೋರಿಸಿದರೂ ನಮಗೆ ಬರಲಿಲ್ಲ. ಜುಲೈ ಕೊನೆಗೆ ಮರದಿಂದ ಕೆಳಗೆ ಹತ್ತು ಒಡ್ಡು ಆದವು.

ನಡುವೆ ಒಂದು ಸಲ ಬಾಟ್ಲಿ ತೆಗೆದುಕೊಂಡು ಕೆರೆಕಟ್ಟೆಗೆ ಹೋದೆ. ಕ್ವಾರ್ಟರ್ ಬಾಟ್ಲಿ, ಚೆನ್ನಾಗಿ ತೊಳೆದದ್ದು. ಕೊಪ್ಪದಿಂದ ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಅದನ್ನೇ ನೋಡಿದ. "ಬಣ್ಣ ಜೋರಿದೆ, ಯಾವ ಬ್ರ್ಯಾಂಡು?" ಅಂದ. "ಬಾವಿ ನೀರು" ಅಂದೆ. ನಂಬಲಿಲ್ಲ. ಶೃಂಗೇರಿಯಲ್ಲಿ ಎರಡು ಗಂಟೆ ಕಾದು ಕೆರೆಕಟ್ಟೆ ಬಸ್ ಹಿಡಿದೆ. ಸುಜಾತ ಬಾಟ್ಲಿಯನ್ನು ಕಿಟಕಿಯಲ್ಲಿ ಇಟ್ಟಳು. ನಾನು ಊಟ ಮಾಡಿ ಏಳುವಷ್ಟರಲ್ಲಿ ತಳದಲ್ಲಿ ಎರಡು ಬೆರಳು ದಪ್ಪ ಮಣ್ಣು ಕೂತಿತ್ತು. ಅವಳು ಬೆರಳಿಟ್ಟು ಅಳೆದು ತೋರಿಸಿದಳು. ಮಗು ನನ್ನ ಕೈಗೆ ಬಂದದ್ದೇ ಜೋರಾಗಿ ಅತ್ತಿತು. ನನ್ನ ಗುರುತೇ ಇರಲಿಲ್ಲ ಅದಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲ ಬಿಟ್ಟುಬಿಡಬೇಕು, ಶೃಂಗೇರಿಯಲ್ಲೇ ಒಂದು ಬಾಡಿಗೆ ರೂಮು ಹಿಡಿಯಬೇಕು ಅನ್ನಿಸಿತು. ಆದರೆ ಉಳಿದ ಹತ್ತು ಮನೆಯವರು ಕುಡಿಯುವುದೂ ಅದೇ ಬಾವಿ ನೀರು, ಅವರ ಬಾವಿ ಕೆಡಿಸಿದವನೂ ನಾನೇ. ಇಳಿದು ಹಡ್ಲಿಗೇ ಹೋದೆ.

ಗೌಡರು ಮುಯ್ಯಾಳಿಗೆ ಬರುವವರಲ್ಲ. ಅವರಿಗೆ ಕೂಲಿಯವರು ಇದ್ದಾರೆ. ಆದರೆ ಆ ವರ್ಷ ಅವರ ಕೊನೆಯ ಗದ್ದೆ ನಟ್ಟಿ ಆಗದೆ ಉಳಿದುಕೊಂಡಿತ್ತು. ಭತ್ತದ ಸಸಿ ಬಲಿಯುತ್ತಾ ಬಂತು, ಕೂಲಿಯವರು ಬೇರೆ ಕಡೆ ಒಪ್ಪಿಕೊಂಡಿದ್ದರು. ಒಂದು ಬೆಳಿಗ್ಗೆ ಗಿರಿಜಕ್ಕ ನನ್ನನ್ನೂ ಉಮೇಶನನ್ನೂ ಎಬ್ಬಿಸಿಕೊಂಡು ಕರೆಯದೆಯೇ ಆ ಗದ್ದೆಗೆ ಇಳಿಸಿದಳು. ಸಂಜೆಗೆ ನಟ್ಟಿ ಮುಗಿಯಿತು. ಗೌಡರಿಗೆ ಖುಷಿ. ಕೂಲಿ ಕೊಡಲು ಬಂದರು.

"ಕೂಲಿ ಬೇಡ ಗೌಡ್ರೇ, ಮುಯ್ಯಿ" ಅಂದಳು ಗಿರಿಜಕ್ಕ.

ಗೌಡರು ತಮಾಷೆ ಅಂದುಕೊಂಡರು. "ಆಯ್ತು ಮಾರಾಯ್ತಿ, ಕೂಲಿಯವರನ್ನ ಕಳಿಸ್ತೀನಿ."

"ಮುಯ್ಯಿಗೆ ಕೂಲಿಯವರು ಬರಲ್ಲ, ಮನೆಯವರು ಬರಬೇಕು. ನಿಮ್ಮನೇಲಿ ಗುದ್ದಲಿ ಹಿಡಿಯೋರು ನೀವೊಬ್ರೇ. ನಾವು ಮೂರು ಜನ ಬಂದಿದ್ವಿ. ನೀವು ಮೂರು ದಿನ."

ಗದ್ದೆ ಬದುವಿನ ಮೇಲೆ ಬೇರೆ ಜನರೂ ನಿಂತಿದ್ದರು. ಎಲ್ಲರೂ ಕೇಳಿಸಿಕೊಂಡರು. ಗೌಡರ ಮುಖ ಕೆಂಪಾಯಿತು. ಮುಯ್ಯಿ ಅಂದ ಮೇಲೆ ಅವರೂ ಇಲ್ಲ ಅನ್ನುವ ಹಾಗಿರಲಿಲ್ಲ.

ಮೊದಲನೇ ದಿನ ಬಂದು ಕೊಡೆ ಹಿಡಿದು ನಿಂತರು. ಸಂಜೆ ಹೋದರು. "ಒಂದು ಮುಗೀತು" ಅಂದರು, ಅಷ್ಟೇ.

ಎರಡನೇ ದಿನ ಮಳೆ ಸುರಿಯಿತು. ಕೆಲಸ ಮಾಡುವ ಹಾಗಿರಲಿಲ್ಲ, ಎಲ್ಲರೂ ಹೊಳೆಮತ್ತಿ ಮರದ ಕೆಳಗೆ ನಿಂತೆವು. ಅಲ್ಲಿಂದ ಎರಡೂ ಕಡೆ ಕಾಣುತ್ತದೆ. ಮೇಲಿನ ಅರ್ಧದಲ್ಲಿ ನೀರು ಕಾಲುವೆ ತುಂಬ ಕೆಂಪಾಗಿ, ಸದ್ದು ಮಾಡುತ್ತಾ ಓಡಿ ಬರುತ್ತಿತ್ತು. ಮರದ ಹತ್ತಿರ ಮೊದಲನೇ ಒಡ್ಡಿಗೆ ಬಂದು ಅಗಲಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಜೊಂಡಿನ ಒಳಗೆ ಹೋಗುತ್ತಿತ್ತು. ಎರಡನೇ ಒಡ್ಡು, ಮೂರನೇ ಒಡ್ಡು. ಹತ್ತನೆಯದರ ಕೆಳಗೆ ಬರುವ ನೀರಿನ ಬಣ್ಣ ಬೇರೆ. ತಿಳಿ ಅಂತ ಹೇಳುವುದಿಲ್ಲ. ಆದರೆ ಬೇರೆ. ಸದ್ದೂ ಇರಲಿಲ್ಲ.

ಗೌಡರು ಕೊಡೆ ಹಿಡಿದು ಮೇಲಿಂದ ಕೆಳಕ್ಕೆ ನಡೆದರು, ಕೆಳಗಿಂದ ಮೇಲಕ್ಕೆ ನಡೆದರು. ಮೂರು ಸಲ. ಆಮೇಲೆ ಮೇಲಿನ ಅರ್ಧಕ್ಕೆ ಹೋಗಿ ಒಂದು ಅಡಿಕೆ ಸಸಿಯನ್ನು ಹಿಡಿದು ಎಳೆದರು. ಜೋರಾಗಿ ಎಳೆಯಲೂ ಇಲ್ಲ, ಕೈಗೆ ಬಂತು. ಕಾಲುವೆ ತೋಡಿ ನೀರು ಬಸಿದರೂ ಅಡಿಯ ಕೆಸರಲ್ಲಿ ಬೇರು ಕರ್ರಗೆ ಕೊಳೆತಿತ್ತು. ಪಕ್ಕದ್ದು ಎಳೆದರು. ಅದೂ ಹಾಗೇ.

"ಸುರೇಶ, ಇದನ್ನ ಯಾವಾಗ ನೋಡಿದ್ಯಾ ನೀನು?"

"ಜೂನಲ್ಲೇ ನೋಡಿದ್ದೆ."

"ಹೇಳಬಾರದನಾ?"

"ಗಿರಿಜಕ್ಕ ಕೇಳಿದ್ಲಲ್ಲ, ನೀವು ಉಗುಳಕ್ಕೆ ಎದ್ದು ಹೋದ್ರಿ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕೊಳೆತ ಸಸಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. "ಕೆಳಗಿನ ತೋಟದ ಕೆರೆಗೂ ಈ ಸಲ ಮಾರ್ಚಲ್ಲಿ ನೀರಿರಲಿಲ್ಲ" ಅಂದರು. ಯಾರಿಗೂ ಅಲ್ಲ, ಸುಮ್ಮನೆ. ಅವರ ಹಳೇ ತೋಟಕ್ಕೆ ಹೋಗುವುದೂ ಇದೇ ಹಳ್ಳ. ಒಂದು ವರ್ಷ ಅದು ಅವರಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಮೂರನೇ ದಿನ ಕೊಡೆ ಇಲ್ಲದೆ ಬಂದರು. ಹೆಗಲ ಮೇಲೆ ಸ್ವಂತ ಗುದ್ದಲಿ. "ಮರದಿಂದ ಮೇಲೆ ಎರಡು ಹಾಕಾಣ. ಎರಡೇ. ಉಳಿದದ್ದು ನೋಡಿ ಹೇಳ್ತೀನಿ" ಅಂದರು. ಹನ್ನೊಂದನೇ ಒಡ್ಡಿನಲ್ಲಿ ಸೊಂಟದವರೆಗೆ ಹೂತುಕೊಂಡರು. ನಾನೂ ಉಮೇಶನೂ ಎಳೆದೆವು. ಒಂದು ಕಾಲಿನ ಚಪ್ಪಲಿ ಒಳಗೇ ಉಳಿಯಿತು. ಗಿರಿಜಕ್ಕ ಇಡೀ ದಿನ ಅದನ್ನೇ ಹೇಳಿ ನಕ್ಕಳು. ಸಂಜೆ ಹೊತ್ತಿಗೆ ಗೌಡರೂ ನಕ್ಕರು.

ಎಲ್ಲ ಸರಿ ಹೋಯಿತು ಅಂತ ಅಲ್ಲ. ಆಗಸ್ಟ್ ನಡುವೆ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕಾಡುಹಂದಿಗಳು ಬಂದು ನಾಲ್ಕು ಒಡ್ಡನ್ನು ಉತ್ತು ಹಾಕಿದ್ದವು. ಮೆತ್ತಗಿನ ಹೊಸ ಮಣ್ಣು, ಅದರಲ್ಲಿ ಎರೆಹುಳು, ಅವಕ್ಕೆ ಹಬ್ಬ. ಕಾಲುವೆಯಲ್ಲಿ ಮತ್ತೆ ನೀರು ಓಡುತ್ತಿತ್ತು. ಅವತ್ತು ನನಗೆ ಅಳು ಬಂತು. ನಾಚಿಕೆ ಇಲ್ಲ, ಬಂತು. ಮತ್ತೆ ಕಟ್ಟಿದೆವು, ಈ ಸಲ ಮೇಲೆ ಬಿದಿರಿನ ಮುಳ್ಳು ಹಾಸಿ ಕಲ್ಲು ಹೇರಿದೆವು. ಇನ್ನೊಂದು ಸಂಗತಿ. ತೋಟಕ್ಕೆ ಔಷಧಿ ಹೊಡೆದವರು ಮೈಲುತುತ್ತದ ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುವುದು ನಮ್ಮ ಕಡೆ ಅಭ್ಯಾಸ. ಯಾರೂ ತಪ್ಪು ಅಂದುಕೊಂಡಿರಲಿಲ್ಲ. ತೊಳೆದ ಮಾರನೇ ದಿನ ನೀರು ತುಸು ನೀಲಿ, ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಅದನ್ನು ನಿಲ್ಲಿಸಿದ್ದು ಗೌಡರು. ಅವರೇ ಹಳ್ಳದಿಂದ ದೂರ ಒಂದು ಗುಂಡಿ ತೋಡಿಸಿ, "ಇನ್ಮೇಲೆ ಇಲ್ಲೇ ತೊಳೀಬೇಕು, ಯಾರೇ ಆಗಲಿ" ಅಂದರು. ನಾನು ಹೇಳಿದ್ದರೆ ಯಾರು ಕೇಳುತ್ತಿದ್ದರು?

ಸೆಪ್ಟೆಂಬರ್ ಕೊನೆಗೆ ಮುಂಡುಗ ಬೇರು ಹಿಡಿದದ್ದು ಅಲ್ಲಾಡಿಸಿದರೆ ಗೊತ್ತಾಗುತ್ತಿತ್ತು. ಒಡ್ಡುಗಳ ನಡುವೆ ನಿಂತ ನೀರಿನಲ್ಲಿ ಜೊಂಡು ಎದ್ದಿತ್ತು. ಕಪ್ಪೆ ಬಂದವು. ಎಲ್ಲಿದ್ದವೋ, ಅವಷ್ಟಕ್ಕೇ ಬಂದವು. ಹಳ್ಳದ ಕಲ್ಲುಗಳ ಮೇಲಿದ್ದ ಕೆಂಪು ಲೋಳೆ ಹೋಯಿತು, ಕಲ್ಲಿನ ಬಣ್ಣ ಕಂಡಿತು. ಮಳೆ ಬಂದು ಒಂದೂವರೆ ದಿನಕ್ಕೆ ನೀರು ತಿಳಿಯಾಗತೊಡಗಿತು. ನಾವು ಎಂಟು ಜನ ಸೇರಿ ಬಾವಿಯ ಕೆಸರನ್ನು ಬುಟ್ಟಿ ಬುಟ್ಟಿಯಾಗಿ ಎತ್ತಿದೆವು. ಆರೋಗ್ಯ ಕೇಂದ್ರದ ನರ್ಸಮ್ಮ ಬಂದು ಬ್ಲೀಚಿಂಗ್ ಪೌಡರ್ ಹಾಕಿ, ಕಾಯಿಸುವುದು ಮಾತ್ರ ಬಿಡಬೇಡಿ ಅಂತ ಹೇಳಿ ಹೋದರು.

ಬಾಟ್ಲಿ ತುಂಬಿಕೊಂಡು ಕೆರೆಕಟ್ಟೆಗೆ ಹೋದೆ. ಸುಜಾತ ಅದನ್ನು ಕಿಟಕಿಯಲ್ಲಿ ಇಟ್ಟು ಒಂದು ಗಂಟೆ ಕಾದಳು. ತಳದಲ್ಲಿ ಏನೂ ಇಲ್ಲ. ಎತ್ತಿ ಬೆಳಕಿಗೆ ಹಿಡಿದಳು. ಬಾಟ್ಲಿಯ ಆ ಕಡೆಯಿಂದ ಮಗು, ನೀರಿನಲ್ಲಿ ದೊಡ್ಡದಾಗಿ ಕಂಡ ಅವಳ ಮೂಗು ನೋಡಿ ನಗುತ್ತಿತ್ತು.

"ಯಾವ ನೀರಿದು?"

"ನಮ್ಮ ಬಾವೀದು."

"ದಾರೀಲಿ ಸಿರಿಮನೆ ಫಾಲ್ಸಿಗೆ ಹೋಗಿ ತುಂಬ್ಕೊಂಡು ಬಂದಿಲ್ಲ ತಾನೇ?"

"ಸಿರಿಮನೆ ಈ ದಾರೀಲಿ ಎಲ್ಲಿದೆ ಮಾರಾಯ್ತಿ!"

"ನಿಮ್ಮನ್ನ ಹೇಗೆ ನಂಬೋದು? ಆ ಕಾಲುವೆ ತೋಡ್ದಾಗ್ಲೂ ಎಂತಾ ಆಗಲ್ಲ ಅಂದಿದ್ರಿ."

ಬಾಟ್ಲಿ ಅಲ್ಲೇ ಬಿಟ್ಟು ಬಂದೆ.

ದೀಪಾವಳಿ ಮುಗಿದ ವಾರ. ನಾನು ಬಾವಿಯ ಕಟ್ಟೆಯ ಸಂದಿಗೆ ಸಿಮೆಂಟ್ ಮೆತ್ತುತ್ತಿದ್ದೆ. ಜೀಪಿನ ಸದ್ದು ಕೇಳಿತು. ಅತ್ತೆ ಇಳಿದರು, ಮಗು ಎತ್ತಿಕೊಂಡು ಸುಜಾತ ಇಳಿದಳು. ಬರುತ್ತೇನೆ ಅಂತ ಹೇಳಿ ಕಳಿಸಿರಲಿಲ್ಲ. ಹೇಳಿದ್ದರೆ ನಾನು ಏನಾದರೂ ತಯಾರಿ ಮಾಡಿಬಿಡುತ್ತೇನೆ ಅಂತ ಅವಳ ಲೆಕ್ಕ.

ಮನೆ ಕಡೆ ತಿರುಗಲಿಲ್ಲ. ನೇರ ಬಾವಿಗೆ ಬಂದು, ಮಗುವನ್ನು ನನ್ನ ಸಿಮೆಂಟ್ ಕೈಗೇ ಕೊಟ್ಟು ಬಗ್ಗಿ ನೋಡಿದಳು. ತಳದ ಕಲ್ಲು ಕಾಣುತ್ತಿತ್ತು. ಒಂದು ಕೊಡ ಸೇದಿದಳು. ಮೂಸಿದಳು. ಬೊಗಸೆಯಲ್ಲಿ ಹಿಡಿದು, ಬೆರಳ ಸಂದಿಯಿಂದ ಸೋರುವುದನ್ನು ನೋಡಿದಳು. ಕಾಲಿನ ಮೇಲೆ ಹೊಯ್ದುಕೊಂಡಳು.

"ಬೇಸಿಗೇಲಿ?" ಅಂತ ಕೇಳಿದಳು.

ಇರುತ್ತದೆ ಅಂತ ಹೇಳಬೇಕು ಅಂತ ಬಾಯಿಗೆ ಬಂತು. "ಗೊತ್ತಿಲ್ಲ" ಅಂದೆ. "ಮರದಿಂದ ಮೇಲೆ ಎರಡು ಒಡ್ಡು ಬಿಟ್ರೆ ಕಾಲುವೆ ಹಾಗೇ ಇದೆ. ಗೌಡ್ರು ಬರೋ ಮಳೆಗಾಲಕ್ಕೆ ಅದನ್ನೂ ಮುಚ್ಚಾಣ ಅಂದಿದಾರೆ."

ಅವಳು, "ಅಮ್ಮಾ, ಬಚ್ಚಲ ಒಲೆ ಹಚ್ಚು. ಕೂಸಿಗೆ ಸ್ನಾನ ಮಾಡಿಸಬೇಕು, ಜೀಪಿನ ಧೂಳು" ಅಂತ ಕೂಗಿ ಎರಡನೇ ಕೊಡ ಸೇದಲು ಹಗ್ಗ ಇಳಿಸಿದಳು. ಮಗು ನನ್ನ ಕೈಯಲ್ಲಿ ಅಳಲಿಲ್ಲ.

ಆ ಬೇಸಿಗೆಯಲ್ಲಿ ಬಾವಿಯಲ್ಲಿ ಸೊಂಟದ ಮಟ್ಟ ನೀರು ಇತ್ತು. ವಾಸನೆ ಇರಲಿಲ್ಲ. ಇಷ್ಟೇ. ಇದಕ್ಕಿಂತ ಹೆಚ್ಚು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.